ಪದ ಬೇಕು: ಹೊಸ ಕೊಳ ಮೀನಿಗೆ ‘ಸೈಕಲ್’ ಆಗುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ?

ಬಳಗದವರಿಗೆ ನಮಸ್ಕಾರ.

ನಮ್ಮ ಶಾಲೆಯ ಕೈತೋಟದಲ್ಲಿ ಪುಟ್ಟದೊಂದು ಸಿಮೆಂಟ್ ಕೊಳ ಕಟ್ಟಿಸಿದೆವು. 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ. ನಲ್ಲಿ ನೀರು ತುಂಬಿಸಿದ ಮರುದಿನವೇ 12 ಗೋಲ್ಡ್ ಫಿಶ್ ತಂದು ಬಿಟ್ಟೆವು. ಒಂಬತ್ತು ದಿನಗಳಲ್ಲಿ 7 ಸತ್ತವು. ಐದನೆಯ ತರಗತಿಯ ಮಕ್ಕಳು ಅವುಗಳಿಗೆ ಹೆಸರಿಟ್ಟಿದ್ದರು. ಇನ್ನು ಹೀಗಾಗಬಾರದೆಂದು ಕೊಳದ ಪಕ್ಕದಲ್ಲಿ ಒಂದು ಫಲಕ ಹಾಕಿಸುತ್ತಿದ್ದೇನೆ. ಬರೆಯುವವರು ಶನಿವಾರ ಬರುತ್ತಾರೆ. ಇಂಗ್ಲಿಷ್ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಗೋಲ್ಡ್ ಫಿಶ್‌ಗೆ ಏನು ಬರೆಯಲಿ? ಕೊಳ ಎನ್ನಲೋ, ತೊಟ್ಟಿ ಎನ್ನಲೋ? ಎಲ್ಲಕ್ಕಿಂತ ಕಷ್ಟದ್ದು: ಹೊಸ ನೀರು ಕೆಲವು ವಾರಗಳ ಮೇಲೆ ಮೀನು ಬಾಳುವಂತಾಗುವುದನ್ನು ಮೀನು ಸಾಕುವವರು ‘ಸೈಕಲ್’ ಆಗುವುದು ಎನ್ನುತ್ತಾರೆ. ‘ಜೈವಿಕ ಆವರ್ತನ’ ಎಂದು ಬರೆದಿಟ್ಟಿದ್ದೇನೆ, ನನಗೇ ಹಿಡಿಸಿಲ್ಲ. ಹತ್ತು ವರ್ಷದ ಮಗು ಓದಿ ತಿಳಿಯಬೇಕು.

— ಹಾಸನ

* * *

ಹೊಂಗೆಂಡೆ ಎಂದು ಬರೆಯಿರಿ. ಗೆಂಡೆ ನಮ್ಮಲ್ಲೇ ಬಳಕೆಯಲ್ಲಿರುವ ಪದ. ಹುಲ್ಲುಗೆಂಡೆ, ಬೆಳ್ಳಿಗೆಂಡೆ, ಸಾಮಾನ್ಯ ಗೆಂಡೆ ಎಂದು ಮೀನು ಸಾಕುವ ರೈತರೆಲ್ಲ ಹೇಳುತ್ತಾರೆ. ಗೋಲ್ಡ್ ಫಿಶ್ ಅದೇ ಕುಟುಂಬದ್ದು. ಹೊಂಬಣ್ಣ, ಹೊಂಬಾಳೆ, ಹೊಂಗನಸು ಇದ್ದಂತೆ ಹೊಂಗೆಂಡೆ.

‘ಸ್ವರ್ಣಮೀನು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು. ಬಿರುದಾವಳಿಗೂ ಹಳಬರ ಪ್ರಯೋಗಕ್ಕೂ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟ. ಹೊಸದಾಗಿ ಕಟ್ಟಲು ಅಪ್ಪಣೆ ಕೊಡಲಿಲ್ಲ. ‘ಮೀನ’ ಸಂಸ್ಕೃತದಲ್ಲೂ ಇದೆಯಲ್ಲ ಎನ್ನುವವರು, ಅದು ದ್ರಾವಿಡದಿಂದ ಅತ್ತ ಹೋದ ಪದ ಎಂದು ಭಾಷಾಶಾಸ್ತ್ರಜ್ಞರು ಬರೆದಿರುವುದನ್ನು ಓದಲಿ. ಮಿನುಗು, ಮಿಂಚುಗಳ ಪಕ್ಕದಲ್ಲಿ ಮೀನನ್ನು ಇಟ್ಟು ನೋಡಿ. ತಮಿಳರು ನಕ್ಷತ್ರವನ್ನೂ ಮೀನ್ ಎನ್ನುತ್ತಾರೆ. ಹೊಳೆಯುವುದು ಮೀನು, ಆ ಪದಕ್ಕೆ ಸಂಸ್ಕೃತದ ಒಡವೆ ಬೇಕಿಲ್ಲ.

‘ಸೈಕಲ್’ಗೆ ಸುತ್ತುಗೊಳಿಕೆ.

— ಮೈಸೂರು

* * *

> ಸುತ್ತುಗೊಳಿಕೆ

ಯಾರಿಗೂ ತಿಳಿಯುವುದಿಲ್ಲ. ‘ಹದ’ ಎನ್ನಿ. ನೀರು ಹದಕ್ಕೆ ಬರಬೇಕು, ಅಷ್ಟೇ. ತಾವರೆ ನೆಟ್ಟಿದ್ದರೆ ಕೊಳ, ಇಲ್ಲವಾದರೆ ತೊಟ್ಟಿ.

— ಉಡುಪಿ

* * *

ಹಾಸನದ ಮೇಷ್ಟ್ರಿಗೆ,

ನಾನು 19 ವರ್ಷಗಳಿಂದ ಹಿತ್ತಿಲಿನ ಕೊಳದಲ್ಲಿ ಈ ಮೀನುಗಳನ್ನು ಸಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದಕ್ಕೆ ಬಳಸುವ ಮಾತು ‘ಪಳಗುವುದು’. ನೀರು ಪಳಗಿದೆ, ಇನ್ನೂ ಪಳಗಿಲ್ಲ ಎನ್ನುತ್ತೇವೆ.

‘ಹದ’ವನ್ನು ನಾನು ಒಪ್ಪುವುದಿಲ್ಲ. ಹದ ಬರುತ್ತದೆ, ತಪ್ಪುತ್ತದೆ. ಎಳೆಪಾಕ ಒಂದು ನಿಮಿಷ ಮೀರಿದರೆ ಹದ ಹೋಯಿತು. ಮಣ್ಣಿನ ಹದ ಎರಡು ಬಿಸಿಲಿಗೆ ಆರುತ್ತದೆ. ಕೊಳದಲ್ಲಿ ಆಗುವುದು ಹೊಸ ಕಾವಲಿಯಲ್ಲಿ ಆಗುವಂಥದ್ದು. ಹೊಸ ಕಾವಲಿಯಿಂದ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ದಿನವೂ ಬಳಸುತ್ತ ಹೋದರೆ ಕಬ್ಬಿಣದ ಮೇಲೊಂದು ಪದರ ಕೂರುತ್ತದೆ. ಆಗ ಕಾವಲಿ ಪಳಗಿತು ಎನ್ನುತ್ತೇವೆ. ಯಾರಾದರೂ ಸೋಪು ಹಾಕಿ ಗಸಗಸ ತಿಕ್ಕಿದರೆ ಮತ್ತೆ ಮೊದಲಿನಿಂದ ಶುರು.

ಮೀನು ತನ್ನ ಕಿವಿರುಗಳಿಂದಲೇ ಅಮೋನಿಯಾವನ್ನು ನೀರಿಗೆ ಬಿಡುತ್ತದೆ. ಕೊಳದ ಗೋಡೆ, ಕಲ್ಲು, ಫಿಲ್ಟರಿನ ಸ್ಪಂಜು, ಎಲ್ಲದರ ಮೇಲೂ ಬೆಳೆಯುವ ತೆಳುವಾದ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ, ಅದನ್ನು ಮತ್ತೆ ನೈಟ್ರೇಟ್ ಆಗಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದನ್ನು ಗಿಡಗಳು ಹೀರುತ್ತವೆ. ಈ ಲೋಳೆ ಕೂರಲು 4ರಿಂದ 6 ವಾರ ಬೇಕು. ನಿಮ್ಮ ಕೊಳಕ್ಕೆ ಸಿಕ್ಕಿದ್ದು ಒಂದು ದಿನ. ನಿಮ್ಮ ಅಳತೆಯಲ್ಲಿ ಸುಮಾರು 2,200 ಲೀಟರ್ ನೀರು ಹಿಡಿಯುತ್ತದೆ; 12 ಮೀನು ಹೆಚ್ಚೇನಲ್ಲ. ಪಳಗದ ನೀರಿಗೆ ಎಲ್ಲವನ್ನೂ ಒಮ್ಮೆಲೇ ಬಿಟ್ಟದ್ದು ತಪ್ಪಾಯಿತು. ನಲ್ಲಿ ನೀರಿನ ಕ್ಲೋರಿನ್ ಒಂದು ಕಡೆಯಿಂದ, ಹೊಸ ಸಿಮೆಂಟಿನಿಂದ ಬಿಡುವ ಸುಣ್ಣ ಇನ್ನೊಂದು ಕಡೆಯಿಂದ ಅವುಗಳನ್ನು ಕಾಡಿರಬೇಕು. ಹೊಸ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿ, ಬಾಳೆದಿಂಡಿನ ತುಂಡುಗಳನ್ನು ಹಾಕಿ ಕೊಳೆಯಲು ಬಿಟ್ಟು, ಚೆಲ್ಲಿ, ತೊಳೆದು, ಮತ್ತೆ ತುಂಬಿಸುವ ರೂಢಿ ನಮ್ಮ ಕಡೆ ಇದೆ. ಅದನ್ನೂ ಪಳಗಿಸುವುದು ಎಂದೇ ಕರೆಯುತ್ತಾರೆ.

ಪಳಗಿದ ಕೈ, ಪಳಗಿದ ಆನೆ, ಪಳಗಿದ ಕಾವಲಿ. ಎಲ್ಲದರಲ್ಲೂ ದಿನಗಳು ಸೇರಿವೆ, ಬಳಕೆ ಸೇರಿದೆ. ‘ಹದ’ದಲ್ಲಿ ಆ ದಿನಗಳಿಲ್ಲ. ಮಗುವಿಗೆ ಹೇಳಬೇಕಾದದ್ದು ‘ಕಾಯಿರಿ’ ಎಂಬ ಮಾತಲ್ಲವೇ?

ಉಳಿದ 5 ಮೀನುಗಳಿಗೆ ಈಗಲೇ ಮಾಡಬೇಕಾದದ್ದು: ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ತೆರೆದ ಡ್ರಮ್ಮಿನಲ್ಲಿ ಎರಡು ದಿನ ನಿಲ್ಲಿಸಿಟ್ಟ ನೀರು ಹಾಕಿ. ಮೇವು ಚಿಟಿಕೆಯಷ್ಟು ಸಾಕು; ಈ ಮೀನಿಗೆ ಜಠರವೇ ಇಲ್ಲ, ಒಮ್ಮೆಗೆ ಹೆಚ್ಚು ಹಾಕಿದರೆ ತಿಂದದ್ದು ಅರೆಬರೆ ಜೀರ್ಣವಾಗಿ ನೀರನ್ನೇ ಕೆಡಿಸುತ್ತದೆ. ಬೆಳಗಿನ ಜಾವ ಹೋಗಿ ನೋಡಿ. ನೀರಿನ ಮೇಲೆ ಬಾಯಿ ಚಾಚಿ ಗುಟುಕರಿಸುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ರಾತ್ರಿಯಿಡೀ ಪಾಚಿಯೂ ಅದನ್ನೇ ಉಸಿರಾಡಿರುತ್ತದೆ. ಅರ್ಧ ಕೊಳಕ್ಕೆ ನೈದಿಲೆ ಎಲೆಯ ನೆರಳಿರಲಿ, ಸಣ್ಣ ಪಂಪಿನಿಂದ ನೀರು ಮೇಲಿಂದ ಬೀಳುತ್ತಿರಲಿ.

ಇನ್ನು ಹೊಂಗೆಂಡೆ. ಕಿವಿಗೆ ಇಂಪಾಗಿದೆ, ಮೀನಿಗೆ ಹೊಂದುವುದಿಲ್ಲ. ಸಾಮಾನ್ಯ ಗೆಂಡೆಯ ಬಾಯಿಯ ಬಳಿ ಎರಡು ಜೊತೆ ಮೀಸೆ ಇರುತ್ತದೆ. ಗೋಲ್ಡ್ ಫಿಶ್‌ಗೆ ಮೀಸೆ ಇಲ್ಲ. ಬಣ್ಣಕ್ಕಾಗಿ ಸಾಕುವ ಕೋಯಿ ಮೀನು ನಿಜವಾದ ಗೆಂಡೆ. ಹೊಂಗೆಂಡೆ ಎಂಬ ಪದವನ್ನು ಅದಕ್ಕೆ ಉಳಿಸಿಡಬೇಕು.

— ಶಿವಮೊಗ್ಗ

* * *

> ಗೋಲ್ಡ್ ಫಿಶ್‌ಗೆ ಮೀಸೆ ಇಲ್ಲ

ಬೆಳ್ಳಿಗೆಂಡೆಗೂ ಮೀಸೆ ಇಲ್ಲ. ಆದರೂ ಗೆಂಡೆ. ಈ ವಾದ ನಿಲ್ಲುವುದಿಲ್ಲ.

‘ಪಳಗು’ ಒಪ್ಪಿದೆ. ಅಚ್ಚ ಕನ್ನಡ, ಕ್ರಿಯಾಪದ, ನನ್ನ ಸುತ್ತುಗೊಳಿಕೆಗಿಂತ ಮೇಲು. ಆದರೆ ಅಷ್ಟು ಒಳ್ಳೆಯ ಪದ ಕೊಟ್ಟವರೇ ಅದೇ ಪತ್ರದಲ್ಲಿ ಫಿಲ್ಟರ್, ಪಂಪು, ಸ್ಪಂಜು, ಡ್ರಮ್ಮು ಎಂದಿದ್ದೀರಿ. ಸೋಸುಕ ಎನ್ನಲು ಏನು ಅಡ್ಡಿ? ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ ನಾಳೆ ನೀರಿಗೂ ಬೇರೆ ಪದ ಬರುತ್ತದೆ.

— ಮೈಸೂರು

* * *

ಬೆಳ್ಳಿಗೆಂಡೆಯ ಮಾತು ಸರಿ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಫಲಕದಲ್ಲಿ ಹೊಂಗೆಂಡೆ ಬೇಡ, ಚಿನ್ನದ ಮೀನು ಇರಲಿ ಎಂದೇ ನನ್ನ ಮತ.

ಈ ಮೀನು ಬಂದದ್ದು ಚೀನಾದಿಂದ. ಸುಮಾರು ಸಾವಿರ ವರ್ಷಗಳ ಹಿಂದೆ, ಸೋಂಗ್ ಅರಸರ ಕಾಲದಲ್ಲಿ, ಅಲ್ಲಿನ ಕೊಳಗಳಲ್ಲಿ ಇದನ್ನು ಆರಿಸಿ ಆರಿಸಿ ಬೆಳೆಸಿದರು. ಚೀನೀ ಭಾಷೆಯಲ್ಲಿ ಇದರ ಹೆಸರು ‘ಜಿನ್ ಯೂ’: ಜಿನ್ ಎಂದರೆ ಚಿನ್ನ, ಯೂ ಎಂದರೆ ಮೀನು. ಜಪಾನಿಗೆ ಹೋಗಿ ಅದೇ ಅಕ್ಷರಗಳಲ್ಲಿ ‘ಕಿಂಗ್ಯೊ’ ಆಯಿತು. ಇಂಗ್ಲಿಷರೂ ಜರ್ಮನರೂ ತಮ್ಮ ತಮ್ಮ ಮಾತಿನಲ್ಲಿ ಚಿನ್ನದ ಮೀನೆಂದರು. ಫ್ರೆಂಚರು ಮಾತ್ರ ಕೆಂಪು ಮೀನು ಎನ್ನುತ್ತಾರೆ. ಹೋದಲ್ಲೆಲ್ಲ ಆ ಊರಿನ ಮಾತನ್ನೇ ಹೊದ್ದ ಮೀನಿಗೆ ನಾವು ಇಂಗ್ಲಿಷಿನ ಹೆಸರನ್ನೇ ಯಾಕೆ ಉಳಿಸಬೇಕು? ಅನುವಾದಿಸಿದರೆ ಸಾಕು, ಹೊಸದಾಗಿ ಟಂಕಿಸಬೇಕಿಲ್ಲ.

ಫಿಲ್ಟರಿನ ಮಾತು ಬೇರೆ. ಅದು ಹೆಸರನ್ನು ಹೊತ್ತುಕೊಂಡೇ ಅಂಗಡಿಗೆ ಬಂದ ಸಾಮಾನು. ಮೇಜು, ಸಾಬೂನು, ಕುರ್ಚಿಗಳೂ ಹಾಗೆಯೇ ಬಂದವು. ಅವುಗಳಿಂದ ಕನ್ನಡ ಬಡವಾಗಲಿಲ್ಲ. ನನಗೆ ಹೆದರಿಕೆ ಇರುವುದು ಕ್ರಿಯಾಪದಗಳ ಬಗ್ಗೆ. ‘ಟ್ಯಾಂಕ್ ಸೈಕಲ್ ಮಾಡಿ’, ‘ಕಾವಲಿ ಸೀಸನ್ ಮಾಡಿ’ ಎಂದು ಎಲ್ಲಕ್ಕೂ ‘ಮಾಡು’ ಅಂಟಿಸುವುದು ರೂಢಿಯಾದರೆ ಪಳಗು, ಮಾಗು, ಕಳಿ, ಹುದುಗು ಎಲ್ಲ ಮೂಲೆಗೆ ಬೀಳುತ್ತವೆ. ಕಾವಲು ಕಾಯುವುದಾದರೆ ಅಲ್ಲಿ ಕಾಯೋಣ.

— ಶಿವಮೊಗ್ಗ

* * *

ಎಲ್ಲರಿಗೂ ಕೃತಜ್ಞತೆಗಳು. ಬರೆಯುವವರು ಬಂದಿದ್ದಾರೆ. ಕೊಳದಲ್ಲಿ ನೈದಿಲೆ ಇರುವುದರಿಂದ ಕೊಳವೆಂದೇ ಬರೆಸಿದ್ದೇನೆ. ಫಲಕಕ್ಕೆ ಹೋದದ್ದು ಇದು:

ಚಿನ್ನದ ಮೀನಿನ ಕೊಳ
ಈ ನೀರು ಇನ್ನೂ ಪಳಗುತ್ತಿದೆ. ಆರು ವಾರ ಹೊಸ ಮೀನು ಬಿಡಬೇಡಿ.
ಮೇವು ದಿನಕ್ಕೊಮ್ಮೆ, ಒಂದು ಚಿಟಿಕೆ. ಸರದಿಯವರು ಮಾತ್ರ ಹಾಕಿರಿ.
ನೀರನ್ನು ಪೂರ್ತಿ ಖಾಲಿ ಮಾಡಬೇಡಿ. ಗೋಡೆಯನ್ನು ಸೋಪು, ಬ್ಲೀಚಿಂಗ್ ಪುಡಿಯಿಂದ ತಿಕ್ಕಬೇಡಿ.
ಫಿಲ್ಟರಿನ ಸ್ಪಂಜನ್ನು ಕೊಳದಿಂದ ತೆಗೆದ ನೀರಿನಲ್ಲೇ ತೊಳೆಯಿರಿ.

5 ಮೀನುಗಳೂ ಇವೆ. ಇಂದು ಬೆಳಗಿನ ಜಾವ ಹೋಗಿ ನೋಡಿದೆ. ಒಂದೂ ಮೇಲೆ ಬಂದು ಗುಟುಕರಿಸುತ್ತಿರಲಿಲ್ಲ. ಮಿಂಚುಳ್ಳಿಯೊಂದು ಬೇಲಿಯ ಮೇಲೆ ಕುಳಿತಿತ್ತು. ಸೋಮವಾರ ಬಲೆ ಹೊದಿಸುತ್ತೇವೆ.

— ಹಾಸನ