ಸಹಾಯ ಬೇಕು: ‘ಮಾಸ್ಕ್’, ‘ಶ್ರೌಡ್’ ಕ್ರಿಯಾಪದಗಳಿಗೆ ಕನ್ನಡ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಇಂಗ್ಲಿಷ್–ಕನ್ನಡ ಪದಪಟ್ಟಿ ಮಾಡುತ್ತಿದ್ದೇವೆ. ಹೈಡ್, ಕನ್ಸೀಲ್, ಡಿಸ್‌ಗೈಸ್, ಮಾಸ್ಕ್, ಶ್ರೌಡ್ ಐದಕ್ಕೂ ‘ಮರೆಮಾಡು’ ಎಂದೇ ಬರೆದರೆ ಮಕ್ಕಳು ವಾಕ್ಯ ಕಟ್ಟುವಾಗ ಎಡವುತ್ತಾರೆ.

ಹೈಡ್‌ಗೆ ಕರ್ಮಪದ ಬೇಕೆಂದಿಲ್ಲ: ‘ದ ಕ್ಯಾಟ್ ಹಿಡ್’ ಸರಿ, ‘ದ ಕ್ಯಾಟ್ ಕನ್ಸೀಲ್ಡ್’ ತಪ್ಪು. ಕನ್ನಡದಲ್ಲಿ ಇದು ಅವಿತುಕೊಳ್ಳು, ಬಚ್ಚಿಡು ಎಂದು ಎರಡಾಗುತ್ತದೆ. ವಿಮೆ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಬೇಕೆಂದೇ ಬರೆಯದೆ ಬಿಟ್ಟರೆ ಅದು ಕನ್ಸೀಲ್. ‘ಮರೆಮಾಚು’ ಚೆನ್ನಾಗಿ ಹೊಂದುತ್ತದೆ. ಡಿಸ್‌ಗೈಸ್‌ನಲ್ಲಿ ವ್ಯಕ್ತಿ ಕಣ್ಣೆದುರೇ ಇರುತ್ತಾನೆ, ಗುರುತು ಮಾತ್ರ ಸಿಗದು, ವಿರಾಟನ ಅಡುಗೆಮನೆಯ ಭೀಮನಂತೆ. ‘ವೇಷ ಮರೆಸು’ ಸಾಕು.

ತೊಡಕಿರುವುದು ಮಾಸ್ಕ್‌ನಲ್ಲಿ. ಕೊಳೆತ ವಾಸನೆ ಇರುವ ಕಡೆ ಊದುಬತ್ತಿ ಹಚ್ಚಿದರೆ ಕೊಳೆತದ್ದು ಹೋಗುವುದಿಲ್ಲ, ಮೂಗಿಗೆ ಊದುಬತ್ತಿಯೇ ಮೊದಲು ತಾಗುತ್ತದೆ. ನೋವಿನ ಮಾತ್ರೆ ರೋಗಲಕ್ಷಣವನ್ನು ಮಾಸ್ಕ್ ಮಾಡುವುದೂ ಹೀಗೆಯೇ. ಮಾತ್ರೆಗೆ ಮೋಸದ ಉದ್ದೇಶವಿಲ್ಲ, ಹಾಗಾಗಿ ‘ಮರೆಮಾಚು’ ಕೂಡದು. ‘ಅಡಗಿಸು’ ಅಂದರೆ ರೋಗವೇ ಶಮನವಾಯಿತು ಅನ್ನಿಸುತ್ತದೆ.

ಶ್ರೌಡ್ ನಾಮಪದವಾದಾಗ ಹೆಣಕ್ಕೆ ಹೊದಿಸುವ ಬಟ್ಟೆ. ಕ್ರಿಯಾಪದಕ್ಕೆ ‘ಬೆಟ್ಟಕ್ಕೆ ಮಂಜು ಕವಿದಿದೆ’ ಸೊಗಸಾಗಿ ಕೂರುತ್ತದೆ. ಆದರೆ ‘ಶ್ರೌಡೆಡ್ ಇನ್ ಸೀಕ್ರೆಸಿ’ಗೆ ‘ಗುಟ್ಟು ಕವಿದಿದೆ’ ಅನ್ನಲು ಬಾಯಿ ಬರುವುದಿಲ್ಲ.

ಈ ಎರಡಕ್ಕೆ ನಿಮ್ಮ ಕಡೆ ಆಡುವ ಮಾತಿದ್ದರೆ ಒಂದು ಪೂರ್ತಿ ವಾಕ್ಯದ ಸಮೇತ ದಯವಿಟ್ಟು ತಿಳಿಸಿ. ‘ಆಚ್ಛಾದಿಸು’ ಬೇಡ, ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ.