ಪದ ಬೇಕು: ಹಳೆಯ ಡೈರಿ, ಪತ್ತೆಯಾಗದ ಕೊಲೆ, ಎರಡು ಕಾಲದ ಕಾದಂಬರಿ

ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಕಾದಂಬರಿಯ ಬೆನ್ನುಪುಟ ಪ್ರೆಸ್ಸಿಗೆ ಹೋಗಬೇಕು, ಎರಡು ಪದ ಸಿಗ್ತಾ ಇಲ್ಲ. ಕಥೆ ಅರ್ಧ ಈಗಿನದು, ಅರ್ಧ 1945ರದು, ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದ ವರ್ಷ. ಆಗ ಕೊಪ್ಪಳದ ದಂಡೆ ನಿಜಾಮರದು, ಹೊಸಪೇಟೆ ದಂಡೆ ಮದ್ರಾಸಿನದು. ಕೊಂದವನು ಹರಿಗೋಲು ಹತ್ತಿ ಆಚೆ ಹೋದರೆ ಈಚೆಯ ಪೊಲೀಸರು ಕೈ ಹಿಸುಕಿಕೊಳ್ಳಬೇಕು, ಹಾಗಾಗಿ ಮೂರು ಕೊಲೆ ಪತ್ತೆಯಾಗದೇ ಉಳಿಯುತ್ತವೆ. ಈಗಿನ ಹುಡುಗಿಗೆ ಮುತ್ತಜ್ಜನ ಡೈರಿ ಸಿಗುತ್ತದೆ. ಮುತ್ತಜ್ಜ ನಿಜಾಮರ ಠಾಣೆಯಲ್ಲಿ ಗುಮಾಸ್ತ. ಆ ಡೈರಿಗೆ ಏನನ್ನಲಿ? 'ದಿನಚರಿ' ಅಂದರೆ ಹಲ್ಲುಜ್ಜಿ ಸ್ನಾನ ಮಾಡಿದ ಹಾಗಿರುತ್ತದೆ. ಎರಡು ಕಾಲದ ಕಥೆಗೂ ಒಂದು ಪದ ಕೊಡಿ.
— ಕೊಪ್ಪಳ

ರೋಜನಾಮಚಾ. ಬೇರೆ ಯೋಚನೆಯೇ ಬೇಡ. ರೋಜ್ ದಿನ, ನಾಮಾ ಬರಹ, ಕೊನೆಯ 'ಚಾ' ಚಿಕ್ಕದು ಅನ್ನೋದಕ್ಕೆ. ನಿಜಾಮರ ಆಡಳಿತ ನಡೆದದ್ದೇ ಉರ್ದುವಿನಲ್ಲಿ. ಪುಟದ ತಲೆಗೆ ಇಸವಿ ಬದಲು ಫಸಲಿ, ಅಂದರೆ ನಿಜಾಮರ ಸರ್ಕಾರಿ ವರ್ಷ, ಹಾಕಿ, 590 ಕಳೆದರೆ ಆಯ್ತು, 1945ಕ್ಕೆ 1355 ಬರುತ್ತದೆ. ಅಕ್ಟೋಬರ್‌ಗಿಂತ ಮೊದಲಾದರೆ 1354, ಅದನ್ನು ನೋಡಿಕೊಳ್ಳಿ.
— ರಾಯಚೂರು

ಕನ್ನಡ ಕಾದಂಬರಿಗೆ ಪಾರ್ಸಿ ಹೆಸರೇಕೆ? 'ಕಡತ' ಇದೆಯಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೀತಿದ್ರು. ಎರಡು ಕಾಲಕ್ಕೆ 'ಇಕ್ಕಾಲ'. ಇಕ್ಕೆಲ ಇದ್ದಂತೆ. ಮುಗೀತು.
— ಬಳ್ಳಾರಿ

ಕಡತ ಅಂದರೆ ಇವತ್ತಿನ ಓದುಗನಿಗೆ ಡಿಸಿ ಆಫೀಸು ನೆನಪಾಗುತ್ತದೆ, ಬಳಪ ಅಲ್ಲ. ಇಕ್ಕಾಲ ಅಂದರೆ 'ಈ ಕಾಲ' ಅಂತಾನೂ ಆಗುತ್ತೆ, ಇಕ್ಕಡೆ ಇದ್ದಂತೆ! ಕಥೆಯ ಅರ್ಧ ಭಾಗ ಅಲ್ಲಿಗೇ ಹೋಯ್ತು. ಮೇಲಾಗಿ 'ಕಾಲ' ಸಂಸ್ಕೃತದ್ದು. ಕನ್ನಡಕ್ಕೆ ಸಂಸ್ಕೃತ ಪದ ಬೆಸೆದರೆ ಅರಿಸಮಾಸ, ಅಪ್ಪಟ ಕನ್ನಡದವರು ಮೊದಲು ಅದನ್ನು ನೋಡಿಕೊಳ್ಳಲಿ. ಅರ್ಜಿ, ವಕೀಲ, ಜಾಮೀನು, ಫಿರ್ಯಾದಿ ಎಲ್ಲ ಕಿತ್ತು ಹಾಕಿ ಒಂದು ಪೊಲೀಸ್ ಕಥೆ ಬರೆದು ತೋರಿಸಿ, ನೋಡೋಣ.
— ರಾಯಚೂರು

ಹೊಳೆ ಆಚೆಯವರಿಗೆ ಉರ್ದು ಚಟ ಇನ್ನೂ ಬಿಟ್ಟಿಲ್ಲ.
— ಬಳ್ಳಾರಿ

ನಿಮಗೆ ಮದ್ರಾಸಿನ ರಿಜಿಸ್ಟರು, ರಿಮಾಂಡು ನಡೆಯುತ್ತೆ, ನಮ್ಮ ರೋಜನಾಮಚಾ ಆಗಲ್ಲ. ಬಿಡಿ.
— ರಾಯಚೂರು

ಇಬ್ಬರೂ ಸುಮ್ನಿರಿ, ಪಾಪ, ಅವರಿಗೆ ಪ್ರೆಸ್ಸಿನ ಗಡಿಬಿಡಿ. ನನ್ನ ಕೇಳಿದರೆ 'ಕೊಲೆ'ಯೇ ತಪ್ಪು. ನಮ್ಮ ಕಡೆ 'ಖೂನಿ' ಅಂತಾರೆ, 'ಪತ್ತೆ ಹತ್ತದ ಖೂನಿ' ಅಂದರೆ ಯಾರೂ ಅರ್ಥ ಕೇಳಲ್ಲ.
— ಸಿಂಧನೂರು

ಮುತ್ತಜ್ಜ ಬರೆದ ಪುಟಗಳಲ್ಲಿ ರೋಜನಾಮಚಾ, ಖೂನಿ. ಹುಡುಗಿಯ ಭಾಗದಲ್ಲಿ ಡೈರಿ, ಮರ್ಡರ್, ಅವಳು ಹಾಗೇ ಮಾತಾಡೋದು. ಬೆನ್ನುಪುಟದಲ್ಲಿ 'ಎರಡು ಕಾಲದ ಕಥೆ' ಅಂತ ಬಿಡಿಸಿ ಬರೆದೆ. ಇನ್ನೊಂದು ಬಾಕಿ: ಪತ್ತೆಯಾಗಲಿಲ್ಲ ಅಂತ ಕೇಸು ಮುಚ್ಚುವುದಕ್ಕೆ?
— ಕೊಪ್ಪಳ

ಈಗಿನ ಭಾಗಕ್ಕೆ 'ಸಿ ರಿಪೋರ್ಟ್', ಕೋರ್ಟು ಹತ್ತಿದವರಿಗೆಲ್ಲ ಗೊತ್ತು. 'ಬಿ' ಅಂತ ಹಾಕಬೇಡಿ, ಅದು ದೂರೇ ಸುಳ್ಳು ಅನ್ನೋ ಕಡೆಗೆ ಹೋಗುತ್ತದೆ. 1945ಕ್ಕೆ ಎರಡೂ ಬೇಡ.
— ಸಿಂಧನೂರು