ಸಹಾಯ ಬೇಕು: ಹಲಸಿನ ಹಲಗೆಗೆ ಕ್ಲಿಯರ್ ಹೊಡೆದರೆ ಬೆಳ್ಳಗಾಗ್ತಾ ಉಂಟು

ಜಗಲಿಕಟ್ಟೆ (ಕಟಪಾಡಿ)
ಸಾಕಾಯ್ತು ಮಾರಾಯ್ರೆ. ತೂಗುಯ್ಯಾಲೆಯ ಹಲಗೆ, ಹಲಸಿಂದು. ಚಂದ ಮಾಡಿ ಉಜ್ಜಿ, ಸೀಲರ್ (ಮರದ ರಂಧ್ರ ಮುಚ್ಚುವ ಅಡಿ ಕೋಟು) ಕೊಟ್ಟು, ಮೇಲಿಂದ ಗ್ಲಾಸಿ ಕ್ಲಿಯರ್ (ಬಣ್ಣ ಇಲ್ಲದ ಪಾಲಿಶ್) ಹೊಡೆದೆ. ಹೊಡೆಯುವಾಗ ಫಳಫಳ. ಚಾ ಕುಡಿದು ಬಂದು ನೋಡಿದ್ರೆ ಬೂದಿ ಬಳಿದ ಹಾಗೆ ಇಡೀ ಹಲಗೆ ಬಿಳಿ. ಕೆರೆದು ಪುನಃ ಹೊಡೆದೆ, ಪುನಃ ಅದೇ ಕತೆ. ಅಂಗಡಿಯವನ ಹತ್ರ ಕೇಳಿದ್ರೆ "ಮಾಲು ಸರಿ ಉಂಟು, ನಿಮ್ಮ ಕೈ ಸರಿ ಇಲ್ಲ" ಅಂತಾನೆ. ಆಟಿ (ಮಳೆಗಾಲದ ತುಳು ತಿಂಗಳು) ಕಳೆದ ಕೂಡ್ಲೆ ಮನೆ ಒಕ್ಕಲು (ಗೃಹಪ್ರವೇಶ) ಇಟ್ಟಿದ್ದೇವೆ. ಗೊತ್ತಿದ್ದವರು ಬೇಗ ಹೇಳಿ.

ಉಳಿಬಾಚಿ
ಮರ ಹಸಿ. ಬೇರೆ ಎಂತದ್ದೂ ಅಲ್ಲ. ಮಾಯಿಶ್ಚರ್ ಮೀಟರ್ ಇಟ್ಟು ನೋಡಿ, ಶೇ. 12ಕ್ಕಿಂತ ಮೇಲಿದ್ರೆ ಪಾಲಿಶ್ ಮುಟ್ಟಲೇಬೇಡಿ.

ಮಲ್ಪೆತೀರ
ಯಾವ ಕ್ಲಿಯರ್? ಎನ್‌ಸಿಯಾ (ನೈಟ್ರೋಸೆಲ್ಯುಲೋಸ್ ಲ್ಯಾಕರ್), ಮೆಲಮೈನಾ, ಪಿಯುವಾ (ಪಾಲಿಯುರೆಥೇನ್)? ಬ್ರಶ್ಶಾ, ಗನ್ನಾ? ತಿನ್ನರ್ ಎಂತದ್ದು? ಹೊಡೆದದ್ದು ಎಷ್ಟು ಗಂಟೆಗೆ? ಇದೆಲ್ಲ ಹೇಳದಿದ್ರೆ ನಾವೆಂತ ಪ್ರಶ್ನೆ ಇಟ್ಟು ನೋಡ್ಬೇಕಾ?

ಜಗಲಿಕಟ್ಟೆ
ಎಲ್ಲರೂ ಹೊಡೆಯುವ ಮಾಮೂಲು ಕ್ಲಿಯರ್. ಗನ್ನಲ್ಲಿ. ತಿನ್ನರ್ ಅಂಗಡಿಯವ ಕೊಟ್ಟದ್ದು.

ಉಳಿಬಾಚಿ
ಗನ್ನು ಗಿನ್ನು ಬಿಡಿ. ಮರ ಯಾವ ಮಿಲ್ಲಿಂದು? ಈಗ ಸೀಸನಿಂಗ್ ಅಂತ ಯಾರೂ ಮಾಡುವುದಿಲ್ಲ.

ಜಗಲಿಕಟ್ಟೆ
ಮಿಲ್ಲಿಂದಲ್ಲ ಮಾರಾಯ್ರೆ, ಹಳೇ ಮನೆ ತೆಗೆಯುವಾಗ ಸಿಕ್ಕಿದ ಅಟ್ಟದ ಹಲಗೆ. ನನ್ನಪ್ಪನಿಗಿಂತ ಪ್ರಾಯ ಜಾಸ್ತಿ ಅದಕ್ಕೆ.

ಉಳಿಬಾಚಿ
ಹಳೇದಾದ್ರೆ ಎಂತ? ಗಾಳಿಯ ತೇವ ಶೇ. 80-90ರಲ್ಲಿ ನಿಂತ್ರೆ ಯಾವ ಮರವೂ 16-20ಕ್ಕೆ ಹೋಗಿ ಕೂತ್ಕೊಳ್ತದೆ. ಅಟ್ಟದಲ್ಲಿ ಒಲೆಯ ಹೊಗೆ ತಿಂದ್ಕೊಂಡು ಒಣಗಿದ್ದದ್ದು ಈಗ ಹೊರಗೆ ಬಂದು ನೀರು ಕುಡಿದಿದೆ. ಮೀಟರ್ ಇಡಿ.

ಮಲ್ಪೆತೀರ
ಲೆಕ್ಕ ಸರಿ ಉಂಟು, ಆದ್ರೆ ಮರದ ಒಳಗಿನ ತೇವ ಚಾ ಕುಡಿದು ಬರುವಷ್ಟರಲ್ಲಿ ಇಡೀ ಹಲಗೆಗೆ ಸಮ ಬಿಳಿ ತರುವುದಿಲ್ಲ. ಇದು ಬ್ಲಶಿಂಗ್. ತಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗ್ತದೆ. ಆಟಿಯ ಮಳೆಗೆ ನಮ್ಮಲ್ಲಿ 27 ಡಿಗ್ರಿ, ತೇವ ಶೇ. 90 ಅಂತ ಇಟ್ಕೊಳ್ಳಿ. ಇಬ್ಬನಿ ಕೂರುವ ಬಿಂದು ಸುಮಾರು 25. ಅಂದ್ರೆ ಎರಡೇ ಡಿಗ್ರಿ ಇಳಿದ್ರೆ ಸಾಕು, ಗಾಳಿಯ ನೀರು ಫಿಲ್ಮಿನ ಮೇಲೆ ಕೂತು ಒಳಗೆ ಸಿಕ್ಕಿಬೀಳ್ತದೆ. ಬೇಸಿಗೆಯಲ್ಲಿ 30 ಡಿಗ್ರಿ, ಶೇ. 60 ಇದ್ರೆ ಎಂಟು ಡಿಗ್ರಿ ಇಳೀಬೇಕು, ಹಾಗಾಗಿ ಆಗ ಈ ಉಪದ್ರ ಇಲ್ಲ. ಚೀಪ್ ತಿನ್ನರ್ ಬೇಗ ಹಾರ್ತದೆ, ಅಷ್ಟೇ ಬೇಗ ಬಿಳಿ. ಎನ್‌ಸಿ ಆದ್ರೆ ರಿಟಾರ್ಡರ್ (ನಿಧಾನಕ್ಕೆ ಹಾರುವ ತಿನ್ನರ್) ತನ್ನಿ, ತಿನ್ನರಿಗೆ ಸ್ವಲ್ಪ ಸೇರಿಸಿ ಬಿಳಿಯ ಮೇಲೆ ತೆಳ್ಳಗೆ ಮಂಜಿನಷ್ಟು ಹೊಡೀರಿ. ಫಿಲ್ಮ್ ಮೆತ್ತಗಾಗಿ ನೀರು ಹೊರಗೆ ಹೋಗ್ತದೆ, ಕೆರೆಯುವ ಕೆಲಸ ಇಲ್ಲ.

ಹಳೇಪಾಲಿಶ್
ಇದಕ್ಕೇ ನಾನು ಹೇಳುವುದು, ಈ ಕೆಮಿಕಲ್ ಎಲ್ಲ ಬಿಡಿ. ಅರಗು, ಸ್ಪಿರಿಟ್, ಹತ್ತಿ ಉಂಡೆ. ನಮ್ಮ ಚಾವಡಿಯ ಬೀಟಿ ಪೆಟ್ಟಿಗೆ ಇವತ್ತಿಗೂ ಮುಖ ತೋರಿಸ್ತದೆ.

ಮಲ್ಪೆತೀರ
ಅರಗೂ ಮಳೆಗಾಲದಲ್ಲಿ ಬ್ಲಶ್ ಆಗ್ತದೆ. ಸ್ಪಿರಿಟ್ಟೇ ನೀರು ಎಳೆಯುವ ಜಾತಿ. ಆ ಪೆಟ್ಟಿಗೆಯ ಮೇಲೆ ಬಿಸಿ ಚಾದ ಗ್ಲಾಸು ಇಟ್ಟು ತೆಗೆದು, ಬೀಳುವ ಬಿಳಿ ಉಂಗುರದ ಫೋಟೋ ಹಾಕಿ.

ಹಳೇಪಾಲಿಶ್
ಪೆಟ್ಟಿಗೆ ಮೇಲೆ ಚಾ ಇಡುವ ಸಂಸ್ಕಾರ ನಮ್ಮ ಮನೆಯಲ್ಲಿಲ್ಲ.

ಗೇರೆಣ್ಣೆ (ಕಾರ್ಕಳ)
😂 ಪಕ್ಕಾಸಿಗೆ (ಮಾಡಿನ ಮರಕ್ಕೆ) ನಾನು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಿಟ್ಟು ಬೇರೆ ಹಾಕಿದ್ದಿಲ್ಲ, ಗೆದ್ದಲು ಹತ್ರ ಬರುವುದಿಲ್ಲ. ಆದ್ರೆ ಕಪ್ಪಾಗ್ತದೆ, ಕೈಗೆ ತಾಗಿದ್ರೆ ಸುಡ್ತದೆ, ಉಯ್ಯಾಲೆಗೆ ಆಗ್ಲಿಕ್ಕಿಲ್ಲ. ಕ್ಲಿಯರ್ ಕೆಲಸಕ್ಕೆ ನನ್ನದು ಬೇರೆ ಕೋಣೆಯೇ ಉಂಟು. 3 ಎಚ್‌ಪಿ ಕಂಪ್ರೆಸರ್, ಸಾಲಾಗಿ ಎರಡು ವಾಟರ್ ಟ್ರ್ಯಾಪ್ (ಗಾಳಿಯ ನೀರು ಹಿಡಿಯುವಂಥದ್ದು), ಡಿಹ್ಯುಮಿಡಿಫೈಯರ್ ಇಟ್ಟು ತೇವ 55ಕ್ಕೆ ಇಳಿಸಿದ ಮೇಲೆಯೇ ಗನ್ ಎತ್ತುವುದು. ಗನ್ ಎಚ್‌ವಿಎಲ್‌ಪಿ (ಕಡಿಮೆ ಒತ್ತಡದ್ದು), 1.3 ಎಂಎಂ ನಾಝಲ್. ಸಂಜೆ ಫೋಟೋ ಹಾಕ್ತೇನೆ.

ಉಳಿಬಾಚಿ
ಉಯ್ಯಾಲೆ ಹಲಗೆಗೆ ಡಿಹ್ಯುಮಿಡಿಫೈಯರಾ? ಭಾರೀ ಆಯ್ತು.

ಜಗಲಿಕಟ್ಟೆ
ರಿಟಾರ್ಡರ್ ತಂದು ಹೊಡೆದೆ. ಎಂತದ್ದೂ ಆಗ್ಲಿಲ್ಲ. ಮೇಲಿಂದ ಅಂಟಂಟು. ಹೊಡೆದದ್ದು ಪೋರ್ಟಿಕೋದಲ್ಲಿ, ಸಂಜೆ ಮಳೆ ಬಿಟ್ಟ ಮೇಲೆ, ಬೇಗ ಒಣಗ್ಲಿ ಅಂತ ಟೇಬಲ್ ಫ್ಯಾನ್ ಇಟ್ಟಿದ್ದೆ. ಕಂಪ್ರೆಸರ್ ಪಕ್ಕದ ಪಂಕ್ಚರ್ ಅಂಗಡಿಯದ್ದು. ಹಾಂ, ಡಬ್ಬದೊಟ್ಟಿಗೆ ಒಂದು ಸಣ್ಣ ಬಾಟ್ಲಿ ಹಾರ್ಡ್‌ನರ್ ಸಹ ಇತ್ತು, ಹತ್ತಕ್ಕೆ ಒಂದರ ಲೆಕ್ಕದಲ್ಲಿ ಹಾಕಿದ್ದೇನೆ.

ಮಲ್ಪೆತೀರ
ಹಾರ್ಡ್‌ನರ್! ಇದನ್ನು ಮೊದಲ ದಿನವೇ ಹೇಳ್ಬಾರ್ದಾ ಮಾರಾಯ್ರೆ? ಹತ್ತಕ್ಕೆ ಒಂದು ಅಂದ್ರೆ ಹೆಚ್ಚಾಗಿ ಮೆಲಮೈನ್, ಡಬ್ಬ ಓದಿ ನೋಡಿ. ಅದು ಒಮ್ಮೆ ಗಟ್ಟಿಯಾದ್ರೆ ತಿನ್ನರಿಗೆ ಕರಗುವುದಿಲ್ಲ, ರಿಟಾರ್ಡರ್ ಮೇಲೆ ಕೂತು ಅಂಟಾಗ್ತದೆ ಅಷ್ಟೇ. ಈಗ ಪೂರ್ತಿ ಒಣಗಲು ಬಿಡಿ. ಒಂದು ಮೂಲೆಯಲ್ಲಿ ರಬ್ಬಿಂಗ್ ಕಾಂಪೌಂಡ್ ಉಜ್ಜಿ ನೋಡಿ, ಬಿಳಿ ಹೋದ್ರೆ ಬರೇ ಮೇಲ್ಮೈಯದ್ದು. ಹೋಗದಿದ್ರೆ 320 ನಂಬ್ರದ ಸ್ಯಾಂಡ್‌ಪೇಪರಿನಲ್ಲಿ ಬಿಳಿ ಮುಗಿಯುವವರೆಗೆ ಇಳಿಸಿ, 400ರಲ್ಲಿ ನಯ ಮಾಡಿ. ಬೆಳಿಗ್ಗೆ ಹತ್ತರ ಮೇಲೆ, ಹೊಳವು ಇರುವಾಗ, ತೆಳ್ಳಗೆ ಹೊಡೀರಿ. ಒದ್ದೆ ಫಿಲ್ಮಿಗೆ ಫ್ಯಾನ್ ಬೇಡ, ಅದು ಇನ್ನೂ ತಣ್ಣಗೆ ಮಾಡ್ತದೆ. ಮೊದಲು ಕಂಪ್ರೆಸರಿನ ಅಡಿಯ ವಾಲ್ವ್ ಬಿಚ್ಚಿ ನೀರು ಬಿಡಿ.

ಹಳೇಪಾಲಿಶ್
ಉಯ್ಯಾಲೆ ಜಗಲಿಯಲ್ಲಾ? ಇರಿಸಲು (ಮಳೆಯ ಎರಚಲು) ಬೀಳುವಲ್ಲಿ ಮೆಲಮೈನ್ ನಿಲ್ಲುವುದಿಲ್ಲ, ಬಿರಿತದೆ.

ಗೇರೆಣ್ಣೆ
ಅದು ಹೌದು. ಹೊರಗೆ ಪಿಯು. ಆದ್ರೆ ಹಳೇ ಮೆಲಮೈನ್ ಪೂರ್ತಿ ತೆಗೀಬೇಕು. ಎರಡು ಡಬ್ಬದ ಪಿಯುವಿನ ಹಾರ್ಡ್‌ನರಿಗೆ ನೀರು ತಾಗಿದ್ರೆ ಗ್ಯಾಸ್ ಆಗಿ ಗುಳ್ಳೆ ಏಳ್ತದೆ. ಗನ್ನಲ್ಲಿ ಹೊಡೆಯುವಾಗ ಮುಖಕ್ಕೆ ಬೈರಾಸು ಕಟ್ಟಿದ್ರೆ ಸಾಲದು, ಕಾರ್ಟ್ರಿಜ್ ಮಾಸ್ಕ್ ಬೇಕು. ನನ್ನದು ಎರಡು ಉಂಟು.

ಜಗಲಿಕಟ್ಟೆ
ಜಗಲಿ ಅಲ್ಲ, ಚಾವಡಿ ಒಳಗೆ. ಕಂಪ್ರೆಸರ್ ಟ್ಯಾಂಕಿಂದ ಬಂದ ನೀರು ಡಿಕಾಕ್ಷನ್ ಬಣ್ಣ, ಮೇಲೆ ಎಣ್ಣೆ ತೇಲ್ತಾ ಇತ್ತು. ಇವತ್ತು ಹನ್ನೊಂದು ಗಂಟೆಗೆ ಬಿಸಿಲು ಬಂತು, ಹಲಗೆಯ ಅಡಿಭಾಗಕ್ಕೆ ಒಂದು ಗೇಣು ಹೊಡೆದು ನೋಡಿದೆ. ಮಂಜು ಇಲ್ಲ! ಹಲಸಿನ ಅರಸಿನ ಬಣ್ಣ ಎದ್ದು ಕಾಣ್ತದೆ. ಆದ್ರೆ ಓರೆಯಲ್ಲಿ ಟಾರ್ಚ್ ಹಿಡಿದ್ರೆ ನಾರಿನುದ್ದಕ್ಕೂ ಕೂದಲಿನಷ್ಟು ಸಣ್ಣ ಬಿಳಿ ಗೆರೆಗಳು. ಇದೆಂತ?

ಉಳಿಬಾಚಿ
ನಾನು ಹೇಳ್ಲಿಲ್ವಾ? ಮರದ ತೇವ.

ಮಲ್ಪೆತೀರ
ಅಲ್ಲ. ಹಲಸಿಗೆ ರಂಧ್ರ ದೊಡ್ಡದು, ಸೀಲರ್ ಉಜ್ಜಿದ ಪುಡಿ ಅದರೊಳಗೆ ಕೂತಿದೆ. ಸೀಲರಿನಲ್ಲಿ ಸ್ಟಿಯರೇಟ್ (ಉಜ್ಜಲು ಸುಲಭ ಆಗ್ಲಿ ಅಂತ ಸೇರಿಸುವ ಪುಡಿ) ಇರ್ತದೆ, ಅದೇ ಬಿಳಿ. ಬಟ್ಟೆಯಲ್ಲಿ ಒರೆಸಿದ್ರೆ ಇನ್ನೂ ಒಳಗೆ ಹೋಗ್ತದೆ. ನಾರಿನ ದಿಕ್ಕಿಗೆ ಗಟ್ಟಿ ಬ್ರಶ್ ಎಳೆದು ವ್ಯಾಕ್ಯೂಮ್ ಹಿಡೀರಿ. ಸೀಲರ್ ದಪ್ಪ ಕೊಟ್ಟಿದ್ರಾ?

ಜಗಲಿಕಟ್ಟೆ
ಡಬ್ಬದಿಂದ ಸೀದಾ.

ಮಲ್ಪೆತೀರ
ತಿನ್ನರ್ ಸೇರಿಸದೆಯಾ?? ಸೀಲರ್ ಡಬ್ಬದ ಹಿಂಬದಿ ಫೋಟೋ ಹಾಕಿ.

ಪಡುಬಿದ್ರಿಬೀಸು
ನಡುವೆ ಬಂದದ್ದಕ್ಕೆ ಕ್ಷಮಿಸಿ. ಗೇರೆಣ್ಣೆಯವರೇ, ಆ 1.3 ನಾಝಲ್ ಗನ್ ಮಂಗಳೂರಲ್ಲಿ ಎಲ್ಲಿ ಸಿಗ್ತದೆ? ಬಂದರಿನಲ್ಲಿ ಕೇಳಿದೆ, 1.8 ಮಾತ್ರ ಇರುವುದು ಅಂದ್ರು.

ಗೇರೆಣ್ಣೆ
ನನ್ನದು ದುಬೈಯಿಂದ ಭಾವ ತಂದದ್ದು. ಕಂಪ್ರೆಸರ್ ಫೋಟೋ ಹಾಕ್ತೇನೆ ಅಂದಿದ್ದೆನಲ್ಲ, ಇಗೊಳ್ಳಿ.